ವಿಮಾನದಲ್ಲಿ ತೆರೆಯದ ಆರು ಮಾತು

ಬೆಟಗೇರಿಯಲ್ಲಿ ನಮ್ಮ ಓಣಿಯ ದೇವವ್ವನಿಗೆ ಈಗ ಐವತ್ತಾರು ವರ್ಷ. ಅದರಲ್ಲಿ ಮೂವತ್ತು ವರ್ಷ ಮಂದಿ ಮಕ್ಕಳನ್ನು ಎರೆಯುವುದರಲ್ಲೇ ಕಳೆದಿವೆ. ಬಾಣಂತನ ಮಾಡುವುದು ಅವಳ ಕಸುಬು. ಬೆಳಗಾದರೆ ಯಾರದೋ ಮನೆಯ ಬಚ್ಚಲಲ್ಲಿ ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಎಣ್ಣೆ ತಿಕ್ಕಿ ಬಿಸಿನೀರು ಹೊಯ್ಯುತ್ತಾಳೆ. ಕೂಸಿನದಾದ ಮೇಲೆ ತಾಯಿಯ ಪಾಳಿ. ನನ್ನ ಎರಡು ಮಕ್ಕಳ ತಲೆ ದುಂಡಗಾದದ್ದು ಅವಳ ಅಂಗೈಯಲ್ಲೇ. ಆ ತಲೆಯೊಳಗೆ ಮುಂದೆ ಏನು ತುಂಬಿಕೊಂಡಿತೋ, ಅದಕ್ಕೆ ಪಾಪ ಅವಳು ಹೊಣೆಯಲ್ಲ.

'ನನಗ ಗೊತ್ತೈತಿ' ಎನ್ನುವುದು ಅವಳ ಬಾಯಲ್ಲಿ ಯಾವಾಗಲೂ ಇರುವ ಮಾತು. ಅವಳಿಗೆ ನಿಜವಾಗಿಯೂ ಗೊತ್ತಿರುತ್ತಿತ್ತು, ತೊಂದರೆ ಅದೇ. ಬಸುರಿ ನಡೆಯುವುದನ್ನು ನೋಡಿ ಇನ್ನೆಷ್ಟು ದಿನ ಎಂದು ಹೇಳುವವಳ ಮುಂದೆ ಯಾರು ವಾದ ಮಾಡಬೇಕು? ಗಂಡ ಉಡಚಪ್ಪನಂತೂ ವಾದ ಬಿಟ್ಟು ಎಷ್ಟೋ ಕಾಲವಾಗಿತ್ತು. ಓದು ಬರಹ ಮಾತ್ರ ದೇವವ್ವನಿಗೆ ಬಾರದು. ಫೋನನ್ನು ಒತ್ತಿ ಹಿಡಿದು ಮಾತಾಡಿ ಕಳಿಸುವುದು, ಬಂದ ಮಾತನ್ನು ಒತ್ತಿ ಕೇಳುವುದು, ಇಷ್ಟನ್ನು ಮಗಳು ಶೃತಿ ಕಲಿಸಿದ್ದಳು.

ಆ ಶೃತಿ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದ ವಾರದಲ್ಲೇ ಮುಂಡರಗಿಯ ಬಟ್ಟೆ ಅಂಗಡಿಯವರು ಬಂದು ದೇವವ್ವನ ಮುಂದೆ ಕೈಮುಗಿದು ನಿಂತರು. ದೋಹಾದಲ್ಲಿರುವ ಅವರ ಮಗಳಿಗೆ ಹೆರಿಗೆ ಹತ್ತಿರವಾಗಿತ್ತು. ಮಂಡಿನೋವಿನ ತಾಯಿ ಮೆಟ್ಟಿಲು ಕೂಡ ಹತ್ತಲಾರಳು. ನೀವೇ ನಲವತ್ತು ದಿನ ಹೋಗಿ ಬರಬೇಕು ಎಂದರು. ಶೃತಿಗೆ ಇನ್ನೂ ಎರಡೂವರೆ ತಿಂಗಳಿತ್ತು. ಅಷ್ಟರಲ್ಲಿ ಬಂದುಬಿಡುತ್ತೇನೆಂದು ದೇವವ್ವ ಒಪ್ಪಿಕೊಂಡಳು.

"ಮಂದಿ ಮಕ್ಕಳಂದ್ರ ಓಡತಿ. ನನ್ನ ಪಾಳಿ ಬಂದಾಗ ನೀ ಇರೂದಿಲ್ಲ, ನೋಡತಿರು" ಎಂದಳು ಶೃತಿ.

"ಇರತೀನಿ. ನಿನ್ನ ಕೂಸಿಗೆ ಮೊದಲನೇ ನೀರು ನನ್ನ ಕೈಯಿಂದನ" ಎಂದಳು ದೇವವ್ವ.

ವೀಸಾ ಕೈಗೆ ಬರುವುದರಲ್ಲೇ ಎರಡು ವಾರ ಹೋದವು. ದೋಹಾದ ಹನ್ನೊಂದನೆಯ ಅಂತಸ್ತಿನ ಮನೆಯಲ್ಲಿ ನಲವತ್ತು ದಿನ ಕಳೆದದ್ದು ದೊಡ್ಡ ಸಾಹಸ. ಎರಡನೆಯ ದಿನ ಕೂಸಿನ ತಲೆಗೆ ಲೋಬಾನದ ಹೊಗೆ ಹಾಕಿದ್ದಕ್ಕೆ ಛಾವಣಿಯಲ್ಲಿದ್ದ ಬೆಂಕಿಯ ಗಂಟೆ ಕೂಗಿ, ಇಡೀ ಕಟ್ಟಡದ ಜನ ಮೆಟ್ಟಿಲಿಳಿದು ರಸ್ತೆಗೆ ಬಂದಿದ್ದರು. ಕೂಸು ರಾತ್ರಿ ಅತ್ತರೆ ದೇವವ್ವನೇ ಏಳಬೇಕು, ತಾಯಿ ಅತ್ತರೂ ಅವಳೇ ಏಳಬೇಕು. ವಾಪಸು ಹೊರಡುವ ಹೊತ್ತಿಗೆ ಅಂಗೈ ಬಿರಿದಿತ್ತು, ಸೊಂಟ ತನ್ನದಲ್ಲ ಎನಿಸುತ್ತಿತ್ತು. ಶೃತಿಯ ದಿನಕ್ಕೆ ಇನ್ನೂ ಹದಿನೆಂಟು ದಿನ ಉಳಿದಿವೆ ಎನ್ನುವುದೊಂದೇ ಸಮಾಧಾನ.

ವಿಮಾನದಲ್ಲಿ "ಯವ್ವಾ" ಎಂದು ಸೊಂಟ ಹಿಡಿದು ಕೂತಾಗ ಪಕ್ಕದ ಸೀಟಿನ ನರೆಗಡ್ಡದವನು ತಿರುಗಿ ನೋಡಿದ. "ಅಕ್ಕಾರ, ಯಾವೂರು ನಿಮ್ಮದು?" ಎಂದ. ಅವನು ಲಕ್ಷ್ಮೇಶ್ವರದ ಇಜಾಜ. ದೋಹಾದಲ್ಲಿ ಏಸಿ ರಿಪೇರಿ ಮಾಡುವವನು, ಎರಡು ವರ್ಷದ ಮೇಲೆ ರಜೆ ಸಿಕ್ಕಿತ್ತು. ದೇವವ್ವನ ಫೋನು ಬೆಳಗಿನಿಂದ ಮೂಕವಾಗಿತ್ತು, ದೋಹಾದ ಸಿಮ್ಮನ್ನು ಆ ಮನೆಯವರು ತೆಗೆದುಕೊಂಡಿದ್ದರು.

"ಇಲ್ಲಿ ಒಂದು ತಾಸು ಮೆಸೇಜ್ ಪುಕ್ಕಟೆ ಐತ್ರಿ" ಎಂದ ಇಜಾಜ, ವಿಮಾನ ಮೇಲೇರಿದ ಮೇಲೆ. "ಆದ್ರ ಬರದದ್ದಷ್ಟ ಹೋಗತೈತಿ, ಬರತೈತಿ. ಮಾತು, ಫೋಟೋ ಬರಂಗಿಲ್ಲ."

ಅವನು ತನ್ನ ಇಮೇಲ್ ಕೊಟ್ಟು ಏನೇನೋ ಒತ್ತಿ ಅವಳ ಫೋನಿಗೆ ವೈಫೈ ಹಚ್ಚಿಕೊಡುವುದರಲ್ಲೇ ಆ ತಾಸಿನ ಅರ್ಧ ಹೋಯಿತು. ಹಚ್ಚಿದ ಕೂಡಲೇ ಶೃತಿಯ ಹೆಸರಿನಲ್ಲಿ ಆರು ವಾಯ್ಸ್ ಮೆಸೇಜು ಸಾಲಾಗಿ ಬಂದು ಕೂತವು. ದೇವವ್ವ ಒತ್ತಿದಳು. ಸಣ್ಣ ಚಕ್ರ ತಿರುಗಿತು, ತಿರುಗುತ್ತಲೇ ಇತ್ತು. ಒಂದೂ ತೆರೆಯಲಿಲ್ಲ.

"ಯಾವ್ಯಾವ ವ್ಯಾಳ್ಯಾಕ್ಕ ಬಂದಾವ, ಓದು ತಮ್ಮಾ."

"ಎಂಟಕ್ಕ ಒಂದು. ಎಂಟೂ ನಲವತ್ತಕ್ಕ ಒಂದು. ಒಂಬತ್ತೂ ಐದು, ಒಂಬತ್ತೂ ಇಪ್ಪತ್ತು, ಒಂಬತ್ತೂವರಿ, ಒಂಬತ್ತೂ ಮೂವತ್ತಾರು."

ದೇವವ್ವ ಬೆರಳು ಮಡಚಿದಳು. ನಲವತ್ತು ನಿಮಿಷ, ಇಪ್ಪತ್ತೈದು, ಹದಿನೈದು, ಹತ್ತು, ಆರು. ಇಂಥ ಲೆಕ್ಕವನ್ನು ಅವಳು ಎಷ್ಟು ಬಸುರಿಯರ ಪಕ್ಕದಲ್ಲಿ ಕೂತು ಹಾಕಿದ್ದಳೋ.

"ನೋವು ಸುರು ಆಗ್ಯಾವ" ಎಂದಳು.

"ಅದರಾಗ ಏನೈತೋ ಯಾರಿಗ್ಗೊತ್ರಿ ಅಕ್ಕಾರ. ಏನಾಗೇತಂತ ಮೊದಲ ಕೇಳೂಣು."

"ಕೇಳೂದೇನೈತಿ? ನೋವು ಬಂದಾಗೊಮ್ಮೆ ನನ್ನ ಕರದಾಳ. ನನಗ ಗೊತ್ತೈತಿ. ನೀ ಬರಿ."

ಅವಳು ಹೇಳಿದಳು, ಇಜಾಜ ಬರೆದ. ಈಗಿಂದೀಗ ದವಾಖಾನೆಗೆ ಹೋಗು. ಹೊತ್ತು ಗಳಿಗೆ ನೋಡುತ್ತ ಕೂಡಬೇಡ. ಅಂಜಬೇಡ, ನೋವು ಬಂದಾಗ ಉಸಿರು ಬಿಗಿಹಿಡಿಯಬೇಡ. ನಿಮ್ಮಪ್ಪನಿಗೆ ಆಟೋ ತರಲು ಹೇಳು. ಇಜಾಜ ತನ್ನ ಕಡೆಯಿಂದ, ಇಲ್ಲಿ ಮಾತು ಕೇಳುವುದಿಲ್ಲ, ಬರೆದು ಕಳಿಸಿರಿ ಎಂದು ಸೇರಿಸಿದ. ಮೆಸೇಜು ಮುಟ್ಟಿದ ಗುರುತು ಬಂತು, ಅದರ ಹಿಂದೆಯೇ ಪುಕ್ಕಟೆಯ ತಾಸು ಮುಗಿಯಿತು. ದುಡ್ಡು ಕೊಟ್ಟರೆ ಮುಂದೆ ಸಿಗುತ್ತದಂತೆ, ಆದರೆ ಇಜಾಜನ ಕಾರ್ಡನ್ನು ಅದು ಒಪ್ಪಲಿಲ್ಲ. ಅವನ ಪಾಲಿನ ತಾಸು ಹೆಂಡತಿಗೆ ಮೆಸೇಜು ಮಾಡುವುದರಲ್ಲಿ ಅಷ್ಟರಲ್ಲೇ ತೀರಿಹೋಗಿತ್ತು.

ಉಳಿದ ಎರಡೂವರೆ ತಾಸು ದೇವವ್ವ ಫೋನನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಊಟ ಬಂತು, ಮುಟ್ಟಲಿಲ್ಲ. ಊರ ಹೆಣ್ಣುಮಕ್ಕಳೆಲ್ಲ ನನ್ನ ಕೈ ಹಿಡಿದು ಅವ್ವಾ ಎಂದು ಚೀರಿದ್ದಾರೆ, ನನ್ನ ಮಗಳು ಕರೆದದ್ದು ಮಾತ್ರ ನನ್ನ ಕೈಯಲ್ಲೇ ಇದ್ದೂ ನನಗೆ ಕೇಳಿಸುತ್ತಿಲ್ಲ ಎನಿಸಿತು. ಆ ಆರರಲ್ಲಿ ಬೈಗುಳವೇ ಇರಬೇಕು, ಇರಲಿ, ಬೈಸಿಕೊಳ್ಳುವ ಕೆಲಸವನ್ನೇ ಮಾಡಿದ್ದೇನೆ ಎಂದುಕೊಂಡಳು. ಅವಳಿಗೆ ಅಳುವಷ್ಟೂ ತ್ರಾಣವಿರಲಿಲ್ಲ. ದಣಿವು ಎಲುಬಿಗೆ ಇಳಿದಿತ್ತು.

"ನನ್ನ ಮಗಳು ಹುಟ್ಟಿದಾಗ ನಾನೂ ಇರಲಿಲ್ರಿ. ಫೋಟೋದಾಗ ನೋಡಿದೆ" ಎಂದ ಇಜಾಜ.

"ಈಗ ನಿನ್ನ ಕೂಡ ಮಾತಾಡತಾಳೇನ?"

"ಮಾತಾಡತಾಳ್ರಿ. ಹೊಂದಿಕೋಳೂದ್ರಾಗ ನನ್ನ ರಜಾ ಮುಗದಿರತೈತಿ."

ಬೆಂಗಳೂರಿನಲ್ಲಿ ಇಳಿದು ನಿಲ್ದಾಣದ ಬಸ್ಸಿನಲ್ಲಿ ನಿಂತಾಗ ಇಜಾಜ ತನ್ನ ಊರಿನ ಸಿಮ್ಮಿನಿಂದ ಅವಳ ಫೋನಿಗೆ ನೆಟ್ ಕೊಟ್ಟ. ಏಳನೆಯದೊಂದು ಬಂದಿತ್ತು. ದೇವವ್ವನ ಹೆಬ್ಬೆರಳು ಮೊದಲು ಅದರ ಮೇಲೆಯೇ ಬಿತ್ತು.

"ಅವ್ವಾ, ಏನ ಹಚ್ಚಿ ನೀನು? ನನಗ ಯಾವ ನೋವೂ ಇಲ್ಲ. ನಿನ್ನ ಮೆಸೇಜ್ ಓದಿದ್ದ ತಡ, ಅಪ್ಪ ಆಟೋ ತಂದು ದವಾಖಾನಿಗೆ ಒಯ್ದ. ನೋವಿಲ್ಲೋ ಅಪ್ಪಾ ಅಂದ್ರ, ನಿಮ್ಮವ್ವಗ ಗೊತ್ತಿರತೈತಿ, ನಿನಗೇನ ತಿಳೀತೈತಿ ಅಂದ. ಡಾಕ್ಟರು ನೋಡಿ, ಇನ್ನೂ ದಿನ ಅದಾವ ಅಂತ ಮನಿಗೆ ಕಳಿಸ್ಯಾರ. ಮಾತು ಕೇಳಂಗಿಲ್ಲಂತಲ್ಲ, ಇಳದ ಮ್ಯಾಲ ಮೊದಲಿನವು ಕೇಳು."

ಇಜಾಜ ನಗು ತಡೆಯಲಾರದೆ ಕಿಟಕಿಯ ಕಡೆ ಮುಖ ತಿರುಗಿಸಿದ. ದೇವವ್ವ ನಗಲಿಲ್ಲ. ಮೂವತ್ತು ವರ್ಷದಲ್ಲಿ ಮೊದಲ ಬಾರಿ ಲೆಕ್ಕ ತಪ್ಪಿತ್ತು, ಅದೂ ಸ್ವಂತ ಮಗಳದು. ಮೊದಲಿನವನ್ನು ಒಂದೊಂದಾಗಿ ಕೇಳಿದಳು. ವಿಮಾನ ಹತ್ತಿದೇನವ್ವಾ ಎಂದಿತ್ತು ಒಂದು. ಏನರ ತಿಂದೇನು ಎಂದಿತ್ತು ಇನ್ನೊಂದು. ಸೊಂಟ ಹೆಂಗೈತಿ ಎಂದು ಮೂರನೆಯದು. ಉತ್ತರ ಬಾರದ್ದಕ್ಕೆ ಹುಡುಗಿ ಗಾಬರಿಯಾಗಿ ಮತ್ತೆ ಮತ್ತೆ ಕಳಿಸಿದ್ದಳು. ಆರನೆಯದರಲ್ಲಿ ಅವಳ ದನಿ ಅಳುವಂತಿತ್ತು.

"ಯಾಕ ಮಾತಾಡವಲ್ಲಿ? ನಾ ಆವತ್ತ ಹಂಗ ಅಂದದ್ದಕ್ಕ ಸಿಟ್ಟ ಆಗೀಯೇನ? ಸಿಟ್ಟ ಮಾಡಬ್ಯಾಡ, ಬಾ. ಹಂಡೇದಾಗ ನೀರು ಕಾಸಿಸಿರತೀನಿ. ನಿನ್ನ ಬೆನ್ನಿಗೆ ಎಣ್ಣಿ ತಿಕ್ಕಿ ನಾನ ಎರೀತೀನಿ. ಇಷ್ಟು ವರ್ಷದಾಗ ನಿನ್ನ ಒಬ್ಬರರ ಎರದಾರೇನ ಅವ್ವಾ?"

ಯಾರೂ ಎರೆದಿರಲಿಲ್ಲ. ಅದು ದೇವವ್ವನಿಗೆ ಈವರೆಗೆ ಹೊಳೆದೂ ಇರಲಿಲ್ಲ. ಉತ್ತರ ಕೊಡಲು ಫೋನನ್ನು ಒತ್ತಿ ಹಿಡಿದಳು. ಬರೀ ಬಸ್ಸಿನ ಸದ್ದು ತುಂಬಿಕೊಂಡು ಮೆಸೇಜು ಹೋಯಿತು. ಸೆರಗಿನಿಂದ ಮುಖ ಒರೆಸಿಕೊಂಡು ಮತ್ತೊಮ್ಮೆ ಒತ್ತಿ ಹಿಡಿದಳು.

"ಆತವ್ವ" ಎಂದಳು. "ಎರಿ."