ಗುಂಡಿನ ವೇಗ ತಪ್ಪಾಗಿ ಅಳೆದ ದಿನಗಳು

ಚಾಮರಾಜಪೇಟೆಯ ನಮ್ಮ ಮನೆಗೆ ಬಂದವರು ಯಾರಾದರೂ ಮಗಳ ಕೆಲಸ ಏನು ಎಂದು ಕೇಳಿದರೆ, ಅಮ್ಮ ‘ಸರ್ಕಾರಿ ಲ್ಯಾಬು’ ಎಂದಷ್ಟೇ ಹೇಳಿ ಕಾಫಿ ತರಲು ಎದ್ದುಬಿಡುತ್ತಿದ್ದರು. ರೈಫಲ್ಲಿನಿಂದ ಹೊರಟ ಗುಂಡು ಎಷ್ಟು ವೇಗದಲ್ಲಿ ಹೋಗುತ್ತದೆಂದು ಅಳೆಯುವುದು ನನ್ನ ಕೆಲಸ. ಅದನ್ನು ಹೇಳಿದರೆ ಇನ್ನೂ ಹತ್ತು ಪ್ರಶ್ನೆ ಬರುತ್ತವೆ ಎಂಬುದು ಅವರಿಗೆ ಗೊತ್ತಿತ್ತು.

ನಮ್ಮ ವಿಭಾಗದಲ್ಲಿ ಇದ್ದದ್ದು ಮೂರೇ ಜನ: ಸಾಹೇಬರು, ನಾನು, ಮತ್ತು ಎಲ್ಲರೂ ಅಣ್ಣ ಎಂದು ಕರೆಯುತ್ತಿದ್ದ ಹಿರಿಯರೊಬ್ಬರು. ಪರೀಕ್ಷೆಯ ಕಾಡತೂಸುಗಳಿಗೆ ಮದ್ದಿನ ಪುಡಿ ತೂಗಿ ತುಂಬುವುದು ಅವರ ಕೆಲಸ. ಸಣ್ಣ ತಕ್ಕಡಿಯ ಮುಂದೆ ಕುಳಿತಾಗ ಫ್ಯಾನ್ ಆರಿಸಿ, ಉಸಿರನ್ನೂ ಪಕ್ಕಕ್ಕೆ ಬಿಡುತ್ತಿದ್ದರು. ಅವರ ಮನೆ ಶ್ರೀರಾಂಪುರದಲ್ಲಿ. ಇಬ್ಬರೂ ಮೆಜೆಸ್ಟಿಕ್‌ನಿಂದ ಒಂದೇ ಬಸ್ಸು ಹತ್ತುತ್ತಿದ್ದೆವು. ಮೊದಲು ಬಂದವರು ಇನ್ನೊಬ್ಬರಿಗೆ ಸೀಟು ಹಿಡಿದಿಡುವುದು ಆರು ವರ್ಷಗಳ ರೂಢಿ.

ಅವರ ನಿವೃತ್ತಿಗೆ ಮೂರು ತಿಂಗಳಿದ್ದಾಗ ನಮ್ಮ ಫೈರಿಂಗ್ ಹಾಲಿಗೆ ಹೊಸ ಬಣ್ಣ ಬಳಿದರು, ಹಳೆಯ ಬಲ್ಬುಗಳನ್ನು ತೆಗೆದು ಬಿಳಿ ಎಲ್ಇಡಿ ಟ್ಯೂಬುಗಳನ್ನು ಹಾಕಿದರು. ಅದಾದ ಮೇಲಿನ ಮೊದಲ ಪರೀಕ್ಷೆಯಲ್ಲೇ ವೇಗದ ಅಂಕಿಗಳು ಹುಚ್ಚೆದ್ದಂತೆ ಬಂದವು. ಒಂದೇ ತೂಕದ ಪುಡಿ, ಒಂದೇ ಬಗೆಯ ಗುಂಡು. ಆದರೂ ಒಂದು ಸಲ ತೀರಾ ಕಡಿಮೆ, ಮುಂದಿನದು ತೀರಾ ಹೆಚ್ಚು.

ಅಳೆಯುವ ಯಂತ್ರದ ಹೆಸರು ಕ್ರೋನೋಗ್ರಾಫ್. ಅದರಲ್ಲಿ ಬೆಳಕನ್ನು ನೋಡುವ ಎರಡು ಕಣ್ಣುಗಳಿರುತ್ತವೆ. ಗುಂಡಿನ ನೆರಳು ಮೊದಲ ಕಣ್ಣಿನ ಮೇಲೆ ಹಾದಾಗ ಒಳಗಿನ ಗಡಿಯಾರ ಶುರುವಾಗುತ್ತದೆ, ಎರಡನೆಯದರ ಮೇಲೆ ಹಾದಾಗ ನಿಲ್ಲುತ್ತದೆ. ಸಾಹೇಬರು ಯಂತ್ರ ಸರಿಯಿದೆಯೇ ಎಂದು ಕೇಳಿದರು. ಮೂರು ತಿಂಗಳ ಹಿಂದೆ ತಾನೇ ಪರಿಶೀಲನೆಯಾಗಿ ಬಂದ ಚೀಟಿ ತೋರಿಸಿ, ಸರಿಯಿದೆ ಸರ್ ಎಂದೆ. ಹಾಗಿದ್ದರೆ ಪುಡಿ ತೂಗಿದವರದ್ದೇ ತಪ್ಪು ಎಂದರು ಅವರು. ವರದಿಯ ಕೆಳಗೆ ನಾನು ಸಹಿ ಹಾಕಿದೆ. ಮಾರನೆಯ ದಿನ ಅಣ್ಣನಿಗೆ ಮೆಮೊ ಬಂತು: ಕರ್ತವ್ಯದಲ್ಲಿ ನಿರ್ಲಕ್ಷ್ಯ, ಏಳು ದಿನದೊಳಗೆ ವಿವರಣೆ ಕೊಡಬೇಕು.

ಅವರು ಅದನ್ನು ಎರಡು ಸಲ ಓದಿ ಮಡಚಿ ಜೇಬಿಗಿಟ್ಟುಕೊಂಡು ನನ್ನ ಮೇಜಿನ ಹತ್ತಿರ ಬಂದರು.

“ಮೇಡಂ, ಟಾರ್ಗೆಟ್ ಹಾಳೆ ಒಂದ್ಸಲ ನೋಡಿ. ಪುಡಿ ಅಷ್ಟೊಂದು ಹೆಚ್ಚುಕಮ್ಮಿ ಆಗಿದ್ರೆ ತೂತುಗಳು ಮೇಲೆ ಕೆಳಗೆ ಹರಡ್ಕೋಬೇಕಿತ್ತು.”

ನೋಡುತ್ತೇನೆ ಅಣ್ಣ ಎಂದೆ. ನಾಲ್ಕು ದಿನ ನೋಡಲಿಲ್ಲ. ಸಹಿ ಹಾಕಿ ಆಗಿದೆ, ಈಗ ಕೆದಕಿದರೆ ಏನು ಸಿಗುತ್ತದೋ ಎಂಬ ಅಳುಕು ಒಳಗೆ ಇತ್ತು. ಆ ನಾಲ್ಕು ದಿನವೂ ಅವರು ಬಸ್ಸಿನಲ್ಲಿ ಹಿಂದಿನ ಬಾಗಿಲ ಹತ್ತಿರ ನಿಂತೇ ಬಂದರು. ನಾನು ಹಿಡಿದಿಟ್ಟ ಸೀಟಿನಲ್ಲಿ ಬೇರೆ ಯಾರೋ ಕೂತರು.

ಐದನೆಯ ದಿನ ಬೀರುವಿನಿಂದ ಹಾಳೆ ತೆಗೆದೆ. ನೂರು ಮೀಟರಿನಾಚೆ ಬಿದ್ದ ಹತ್ತು ತೂತುಗಳನ್ನೂ ಐದು ರೂಪಾಯಿಯ ಒಂದು ನಾಣ್ಯದಿಂದ ಮುಚ್ಚಬಹುದಿತ್ತು. ಯಂತ್ರ ಹೇಳಿದ ವೇಗಗಳು ನಿಜವಾಗಿದ್ದರೆ ನಿಧಾನದ ಗುಂಡುಗಳು ಕೆಳಗೆ ಬಿದ್ದಿರಬೇಕಿತ್ತು.

ಶನಿವಾರ ಫೈರಿಂಗ್ ಹಾಲ್ ಖಾಲಿ ಇರುತ್ತಿತ್ತು. ಸಾಹೇಬರ ಅನುಮತಿ ಪಡೆದು, ಬರುತ್ತೀರಾ ಎಂದು ಅಣ್ಣನನ್ನು ಕೇಳಿದೆ. ಅವರು ಒಪ್ಪಿ ತಲೆಯಾಡಿಸಿದರು. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು, ಇಲ್ಲದಿದ್ದರೆ ತಪ್ಪು ಯಾವುದೆಂದು ಗೊತ್ತಾಗುವುದಿಲ್ಲ ಎಂದು ಅವರೇ ಹೇಳಿದರು. ಮೊದಲು ಹೊಸ ಬ್ಯಾಟರಿ ಹಾಕಿ ಐದು ಗುಂಡು ಹೊಡೆದೆವು, ಏನೂ ಬದಲಾಗಲಿಲ್ಲ. ಎರಡು ಕಣ್ಣುಗಳ ನಡುವಿನ ಅಂತರವನ್ನು ಉಕ್ಕಿನ ಟೇಪಿನಿಂದ ಅಳೆದೆವು, ಸರಿಯಾಗಿತ್ತು. ಗುಂಡಿನ ದಾರಿಗೆ ಯಂತ್ರ ನೇರವಾಗಿದೆಯೇ ಎಂದು ದಾರ ಕಟ್ಟಿ ನೋಡಿದೆವು, ನೇರವಾಗಿತ್ತು. ಆಮೇಲೆ ಅಣ್ಣ ಟೇಪನ್ನು ರೈಫಲ್ಲಿನ ನಳಿಗೆಯ ಬಾಯಿಯಿಂದ ಯಂತ್ರದವರೆಗೆ ಹಿಡಿದು, ಅಂಕಿಯನ್ನು ನನಗೆ ತೋರಿಸಿದರು. ಇರಬೇಕಾದ ದೂರದ ಅರ್ಧವೂ ಇರಲಿಲ್ಲ.

ಅದು ನಾನು ಮಾಡಿದ್ದು. ಬಣ್ಣದವರು ಹೋದ ಮೇಲೆ ಯಂತ್ರವನ್ನು ಮತ್ತೆ ಜೋಡಿಸುವಾಗ ಓಡಾಡಲು ಜಾಗವಿರಲೆಂದು ಸ್ಟ್ಯಾಂಡನ್ನು ಹಿಂದಕ್ಕೆ, ರೈಫಲ್ಲಿನ ಕಡೆಗೆ ಸರಿಸಿದ್ದೆ. ಲಾಗ್ ಪುಸ್ತಕದಲ್ಲಿ ಬರೆದಿರಲಿಲ್ಲ. ಅಷ್ಟು ಹತ್ತಿರವಿದ್ದರೆ ನಳಿಗೆಯಿಂದ ನುಗ್ಗುವ ಅನಿಲ ಮತ್ತು ಉರಿಯದೆ ಉಳಿದ ಪುಡಿಯ ಕಣಗಳು ಗುಂಡಿಗಿಂತ ಮೊದಲೇ ಮೊದಲ ಕಣ್ಣನ್ನು ತಲುಪಿಬಿಡುತ್ತವೆ, ಗಡಿಯಾರ ಮುಂಚೆಯೇ ಶುರುವಾಗುತ್ತದೆ, ವೇಗ ಕಡಿಮೆ ಬರುತ್ತದೆ. ಇದು ನನಗೆ ಗೊತ್ತಿಲ್ಲದ ವಿಷಯವೇನಲ್ಲ. ತರಬೇತಿಗೆ ಬರುವ ಹೊಸಬರಿಗೆ ನಾನೇ ಹೇಳಿಕೊಡುತ್ತಿದ್ದೆ.

ಸ್ಟ್ಯಾಂಡ್ ಮುಂದಕ್ಕೆ ಸರಿಸಿ ಹೊಡೆದಾಗ ಕಡಿಮೆ ಅಂಕಿಗಳು ನಿಂತವು. ಆದರೂ ಆಗೊಮ್ಮೆ ಈಗೊಮ್ಮೆ ಒಂದು ಅಂಕಿ ಮೇಲಕ್ಕೆ ಜಿಗಿಯುತ್ತಿತ್ತು. ಅಣ್ಣ ತಲೆಯೆತ್ತಿ ಟ್ಯೂಬುಗಳನ್ನು ನೋಡಿ, “ಈ ಲೈಟ್ ಬಂದ್ಮೇಲೇ ಅಲ್ವಾ ಶುರುವಾಗಿದ್ದು?” ಎಂದರು. ನಾನು ಮೊಬೈಲ್ ಕ್ಯಾಮೆರಾ ತೆರೆದು ಟ್ಯೂಬಿನ ಕಡೆ ಹಿಡಿದೆ. ಪರದೆಯ ಮೇಲೆ ಕಪ್ಪು ಪಟ್ಟೆಗಳು ಹರಿದಾಡಿದವು. ನಮ್ಮ ಕಣ್ಣಿಗೆ ಸ್ಥಿರವಾಗಿ ಕಾಣುತ್ತಿದ್ದ ಬೆಳಕು ಒಂದೇ ಸಮನೆ ಮಿನುಗುತ್ತಿತ್ತು. ಆ ಮಿನುಗನ್ನೂ ಯಂತ್ರ ಗುಂಡಿನ ನೆರಳೆಂದು ಎಣಿಸುತ್ತಿತ್ತು, ಗಡಿಯಾರ ಬೇಗ ನಿಂತು ವೇಗ ಹೆಚ್ಚು ಬರುತ್ತಿತ್ತು.

ಭಾನುವಾರ ಹಳೆಯ ತಂತಿ ಬಲ್ಬುಗಳಿಗಾಗಿ ಅವೆನ್ಯೂ ರಸ್ತೆಯ ಪಕ್ಕದ ಓಣಿಗಳಲ್ಲಿ ಅಲೆದೆ. ಏಳೆಂಟು ಅಂಗಡಿಯವರು ಈಗ ಯಾರು ಮೇಡಂ ಅದನ್ನ ತಗೋತಾರೆ ಎಂದು ಕೈಯಾಡಿಸಿದರು. ಕೊನೆಗೆ ಒಬ್ಬರು ಅಟ್ಟದಿಂದ ಧೂಳು ಹಿಡಿದ ಡಬ್ಬ ಇಳಿಸಿ ನಾಲ್ಕು ಬಲ್ಬು ಕೊಟ್ಟರು. ಸೋಮವಾರ ಟ್ಯೂಬುಗಳನ್ನು ಆರಿಸಿ, ಆ ಹಳದಿ ಬೆಳಕಿನಲ್ಲಿ ಅಣ್ಣ ಮೊದಲೇ ತುಂಬಿಟ್ಟಿದ್ದ ಕಾಡತೂಸುಗಳಲ್ಲಿ ಉಳಿದಿದ್ದ ಹತ್ತನ್ನು ಹೊಡೆದೆವು. ಅಂಕಿಗಳು ಒಂದರ ಪಕ್ಕ ಒಂದು ಬಂದು ಕೂತವು. ನಾನು ಅಣ್ಣನ ಮುಖ ನೋಡಲಿಲ್ಲ.

ಸಾಹೇಬರು ಒಳ್ಳೆಯವರೇ. ಹೊಸ ಅಂಕಿ ಹಾಕಿ ವರದಿ ಬದಲಿಸೋಣ, ಕಾರಣ ದೀಪದ ಬೆಳಕು ಎಂದು ಬರೆದರೆ ಸಾಕು, ನಿಮ್ಮ ಹೆಸರು ಯಾಕೆ ಎಂದರು. ನಾನು ಒಂದು ಪುಟ ಬರೆದುಕೊಟ್ಟೆ: ಸ್ಟ್ಯಾಂಡ್ ಸರಿಸಿದ್ದು ನಾನು, ದಾಖಲಿಸದಿದ್ದುದೂ ನಾನು, ಟಾರ್ಗೆಟ್ ಹಾಳೆ ನೋಡದೆ ಸಹಿ ಹಾಕಿದ್ದೂ ನಾನು. ನನಗೆ ಲಿಖಿತ ಎಚ್ಚರಿಕೆ ಬಂತು. ಅಣ್ಣನ ಮೆಮೊ ವಾಪಸಾಯಿತು, ಆದರೆ ಆ ಪತ್ರ ಮೇಲಿನಿಂದ ಸಹಿಯಾಗಿ ಬರುವಷ್ಟರಲ್ಲಿ ಎರಡೂವರೆ ತಿಂಗಳು ಕಳೆದಿತ್ತು. ಅಷ್ಟೂ ದಿನ ಅವರನ್ನು ತಕ್ಕಡಿಯಿಂದ ದೂರವಿಟ್ಟು ಸ್ಟೋರಿನಲ್ಲಿ ಕೂರಿಸಿದ್ದರು. ಅಲ್ಲಿಂದಲೇ ನಿವೃತ್ತರಾದರು.

ಪತ್ರದ ಪ್ರತಿಯನ್ನು ನಾನೇ ಶ್ರೀರಾಂಪುರಕ್ಕೆ ತೆಗೆದುಕೊಂಡು ಹೋದೆ. ಚಿಕ್ಕ ಮನೆ, ಗೋಡೆಯ ಮೇಲೆ ಬುದ್ಧನ ಪಟ. ಅವರ ಹೆಂಡತಿ ಕುರ್ಚಿ ಹಾಕಿ ನೀರು ಕೊಟ್ಟರು. ಅಣ್ಣ ಕನ್ನಡಕ ಹಾಕಿಕೊಂಡು ಪತ್ರವನ್ನು ಕೊನೆಯ ಸಾಲಿನವರೆಗೆ ಓದಿ ಹೆಂಡತಿಯ ಕೈಗೆ ಕೊಟ್ಟರು.

“ತಪ್ಪಾಯ್ತು ಅಣ್ಣ,” ಎಂದೆ.

“ಮಿಷನ್ ತಪ್ಪು ಮಾಡುತ್ತೆ, ನಾವೂ ಮಾಡ್ತೀವಿ. ಅದಕ್ಕೆ ಬೇಜಾರಿಲ್ಲ,” ಎಂದು ಕನ್ನಡಕ ತೆಗೆದಿಟ್ಟರು. “ಮಿಷನ್ ಸರಿ ಇದೆ ಅಂತ ಅಷ್ಟು ಬೇಗ ಹೇಳಿದ್ರಲ್ಲ. ಆರು ವರ್ಷ ಪಕ್ಕದಲ್ಲೇ ಕೂತು ಬಂದಿದ್ರಿ. ಸೈನ್ ಮಾಡೋಕ್ ಮುಂಚೆ ನನ್ನನ್ನ ಒಂದ್ ಮಾತು ಕೇಳ್ಬಹುದಿತ್ತು.”

ಯಂತ್ರವನ್ನು ನಂಬಿ ಅವರನ್ನು ಅನುಮಾನಿಸುವುದು ನನಗೆ ಅಷ್ಟು ಸಲೀಸಾದದ್ದು ಹೇಗೆ? ಆ ಯೋಚನೆ ಅಲ್ಲೇ ಮೊದಲು ಬಂತು, ಇವತ್ತಿಗೂ ಹೋಗಿಲ್ಲ. ಒಳಗಿನಿಂದ ಅವರ ಹೆಂಡತಿ, ಅಡುಗೆ ಆಗಿದೆ, ಊಟ ಮಾಡಿಕೊಂಡೇ ಹೋಗಬೇಕು ಎಂದರು. ಅಣ್ಣ ಎದ್ದು ನನಗೂ ಒಂದು ತಟ್ಟೆ ಹಾಕಿದರು. ಮುದ್ದೆ, ಸೊಪ್ಪಿನ ಸಾರು. ಮೂವರೂ ಒಟ್ಟಿಗೆ ಕೂತು ಉಂಡೆವು.