ಓಡುವವರಿಗೊಂದು ಕುರ್ಚಿ

ಓಡುವವರನ್ನು ಕಂಡರೆ ನನಗಾಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನೀವೂ ಓಡುವವರೇ ಆಗಿದ್ದರೆ ಈಗಲೇ ಪುಟ ಮಗುಚಿ ಮುಂದೆ ಓಡಬಹುದು. ಬಸ್ಸು ಹಿಡಿಯಲು ಓಡುವವರ ಮೇಲೆ ನನಗೆ ಸಿಟ್ಟಿಲ್ಲ. ಮಂಗಳೂರಿನ ಸಿಟಿ ಬಸ್ಸು ನಿಲ್ಲುವುದೇ ಇಲ್ಲ, ಸ್ವಲ್ಪ ನಿಧಾನವಾಗುತ್ತದೆ ಅಷ್ಟೆ. ಆ ನಿಧಾನದೊಳಗೆ ಹತ್ತಿಕೊಳ್ಳಬೇಕಾದರೆ ಓಡಲೇಬೇಕು. ನಾಯಿ ಅಟ್ಟಿಸಿಕೊಂಡು ಬಂದಾಗ ಓಡುವುದೂ ನ್ಯಾಯವೇ. ಕಂಬಳದ ಗದ್ದೆಯಲ್ಲಿ ಕೋಣಗಳ ಹಿಂದೆ ಓಡುವವನನ್ನು ನಾನೂ ಬಾಯಿ ಬಿಟ್ಟುಕೊಂಡು ನೋಡಿದ್ದೇನೆ. ಅವನಿಗೆ ನಿಲ್ಲಬೇಕೆನಿಸಿದರೂ ಕೋಣಗಳಿಗೆ ಅನಿಸಬೇಕಲ್ಲ. ನನಗಾಗದವರು ಬೇರೆ. ಯಾರೂ ಅಟ್ಟಿಸಿಕೊಂಡು ಬಾರದೆ, ಯಾವುದನ್ನೂ ಹಿಡಿಯಲಿಕ್ಕಿಲ್ಲದೆ, ಬೆಳಗ್ಗೆ ಎದ್ದು ಎಲ್ಲಿಂದ ಹೊರಟರೋ ಅಲ್ಲಿಗೇ ಬಂದು ಮುಟ್ಟಲು ಓಡುತ್ತಾರಲ್ಲ, ಅವರು.

ಈ ಹುಚ್ಚಿನ ಮೂಲವನ್ನು ಹುಡುಕಿದರೆ ಗ್ರೀಸ್ ದೇಶದ ಒಬ್ಬ ದೂತ ಸಿಗುತ್ತಾನೆ. ಯುದ್ಧ ಗೆದ್ದ ಸುದ್ದಿಯನ್ನು ಹೊತ್ತು ಊರಿಗೆ ಓಡಿದ, ಸುದ್ದಿ ಹೇಳಿದ, ಅಲ್ಲೇ ಬಿದ್ದು ಸತ್ತ ಎಂದು ಕತೆ. ಅವನ ಬಗ್ಗೆ ನನಗೆ ಗೌರವವಿದೆ. ಅವನ ಕೈಯಲ್ಲಿ ಫೋನಿರಲಿಲ್ಲ, ಮುಟ್ಟಿಸಲು ಸುದ್ದಿಯಿತ್ತು. ಈಗಿನವರ ಕೈಯಲ್ಲಿ ಫೋನಿದೆ, ಮುಟ್ಟಿಸಲು ಸುದ್ದಿಯಿಲ್ಲ. ತಾನು ಓಡಿದೆ ಎಂಬುದೇ ಸುದ್ದಿ. ಅದನ್ನು ವಾಟ್ಸಾಪಿನಲ್ಲಿ ಬೆವರು ಸಮೇತ ಕಳಿಸುತ್ತಾರೆ, ಸಾಯುವುದೂ ಇಲ್ಲ.

ಮಂಗಳೂರಿನ ಫಳ್ನೀರಿನಲ್ಲಿ ನನ್ನದೊಂದು ಕನ್ನಡಕದ ಅಂಗಡಿ. ಪಕ್ಕದಲ್ಲಿ ಹಮೀದರ ಶೂ ಅಂಗಡಿ. ಕೊರೊನಾ ಬಂದು ಊರಿಗೆ ಬೀಗ ಬಿದ್ದಾಗ ನನಗೆ ಒಳಗೊಳಗೇ ಒಂದು ಸಮಾಧಾನವಿತ್ತು: ಇನ್ನು ಈ ಓಡುವವರೂ ಮನೆಯಲ್ಲಿ ಕೂರುತ್ತಾರೆ. ಎಲ್ಲಿ ಕೂರುತ್ತಾರೆ! ಪಾರ್ಕು ಮುಚ್ಚಿದರೆ ತಾರಸಿಯಲ್ಲಿ ಓಡಿದರು, ತಾರಸಿಗೆ ಬೀಗ ಹಾಕಿದರೆ ಹಾಲಿನಲ್ಲಿ ಸೋಫಾಕ್ಕೆ ಸುತ್ತು ಬಂದರು. ಅದಕ್ಕೂ ಸ್ಪರ್ಧೆ ಏರ್ಪಾಡಾಯಿತು. ದುಡ್ಡು ಕಟ್ಟಿ, ನಿಮ್ಮ ಮನೆಯಲ್ಲಿ ನೀವೇ ಓಡಿ, ಓಡಿದ್ದೀರೆಂದು ನಿಮ್ಮ ಫೋನೇ ಸಾಕ್ಷಿ ಹೇಳಿದರೆ ಪದಕ ಕೊರಿಯರಿನಲ್ಲಿ ಬರುತ್ತದೆ. ಸೋತವರೇ ಇಲ್ಲದ ಸ್ಪರ್ಧೆ. ಬಂದ ಪದಕವನ್ನು ಟೊಮೆಟೊ, ಬದನೆಯ ಜೊತೆ ಸೋಡಾಪುಡಿಯ ನೀರಿನಲ್ಲಿ ತೊಳೆದು, ಬಿಸಿಲಿಗಿಟ್ಟು, ಒಣಗಿದ ಮೇಲೆ ಕೊರಳಿಗೆ ಹಾಕಿಕೊಂಡು ಫೋಟೋ ತೆಗೆಸಿಕೊಂಡವರನ್ನು ನಾನು ಬಲ್ಲೆ.

ಅಂಗಡಿಗಳು ತೆರೆದಾಗ ನನ್ನಲ್ಲಿಗೆ ಬಂದವರದ್ದು ಒಂದೇ ದೂರು, ಮಾಸ್ಕು ಹಾಕಿದರೆ ಕನ್ನಡಕ ಮಸುಕಾಗುತ್ತದೆ ಎಂದು. ಹಮೀದರ ಅಂಗಡಿಯಲ್ಲಿ ಮಾತ್ರ ಗಿರಾಕಿಗಳು ಸಾಲು ನಿಂತಿದ್ದರು. ಓಡುವ ಶೂ ಬೇಕಂತೆ. ಕಿತ್ತಳೆ, ಗಿಳಿಹಸಿರು, ಕಣ್ಣಿಗೆ ಚುಚ್ಚುವ ಗುಲಾಬಿ.

‘ನೀವೂ ಓಡ್ತೀರಾ ಹಮೀದ್?’ ಎಂದು ಕೇಳಿದೆ.

‘ನಾನು ಓಡಿದ್ರೆ ಅಂಗಡಿ ಯಾರು ನೋಡುದು ಮಾರಾಯ್ರೆ? ಓಡ್ಲಿಕ್ಕೆ ಅವರುಂಟು, ಓಡಿಸ್ಲಿಕ್ಕೆ ನಾನುಂಟು.’

ಊರಿಡೀ ಹಬ್ಬಿದ್ದ ಆ ಹುಚ್ಚಿನ ನಡುವೆ ಇಂಥ ಬುದ್ಧಿಯ ಮಾತು ಕೇಳಿ ನನಗೆ ಬಹಳ ಸಂತೋಷವಾಯಿತು. ಆದರೆ ಅವರ ಅಂಗಡಿಯ ಗುಲಾಬಿ ಶೂ ಒಂದು ಜೊತೆ ನನ್ನ ಮನೆಯ ಬಾಗಿಲಲ್ಲೇ ಬಂದು ಕೂತ ದಿನ ಆ ಸಂತೋಷ ಮುಗಿಯಿತು. ಅದನ್ನು ಕೊಂಡವಳು ನನ್ನ ಹೆಂಡತಿ ಶಶಿಕಲಾ.

ಇಲ್ಲಿ ಸ್ವಲ್ಪ ಹಿಂದೆ ಹೋಗಬೇಕು. ಶಶಿಗೆ ಕೊರೊನಾ ಬಂದಿತ್ತು. ಬಂದು ಹೋದದ್ದಲ್ಲ, ಬಂದು ಕೂತದ್ದು. ಆಸ್ಪತ್ರೆಯಿಂದ ಮನೆಗೆ ಬಂದಾಗ ಅಡುಗೆಮನೆಯಿಂದ ಹಾಲಿಗೆ ಬರುವಷ್ಟರಲ್ಲಿ ಅವಳಿಗೆ ಏದುಸಿರು. ಅವಳು ಮಲಗಿದಾಗ ನಾನು ಪಕ್ಕದಲ್ಲಿ ಕಿವಿಗೊಟ್ಟು ಅವಳ ಉಸಿರನ್ನೇ ಕೇಳುತ್ತಿದ್ದೆ. ನನಗೆ ತುಂಬ ಹೆದರಿಕೆಯಾಗಿತ್ತು. ಆ ಹೆದರಿಕೆಗೆ ನನ್ನ ಬಾಯಲ್ಲಿ ಬರುತ್ತಿದ್ದದ್ದು ಒಂದೇ ಮಾತು: ಕೂತ್ಕೊ. ಲೋಟ ಎತ್ತಿದರೆ ಕೂತ್ಕೊ, ಕಿಟಕಿ ತೆರೆದರೆ ಕೂತ್ಕೊ. ಪಣಂಬೂರಿನಲ್ಲಿರುವ ಅವಳ ಚಿಕ್ಕಮ್ಮ ದಿನವೂ ಫೋನು ಮಾಡಿ ಹೇಳುತ್ತಿದ್ದದ್ದೂ ಅದೇ. ಡಾಕ್ಟರರು ನಡೆಯಲು ಹೇಳಿದ್ದರು, ಆದರೆ ಡಾಕ್ಟರರ ಮಾತನ್ನು ಅಷ್ಟೆಲ್ಲ ಕೇಳುವ ಪದ್ಧತಿ ನಮ್ಮ ಸಂಸಾರದಲ್ಲಿಲ್ಲ. ಹೀಗೆ ತಿಂಗಳುಗಟ್ಟಲೆ ಕೂತು ಕೂತು ರೋಸಿಹೋದ ಶಶಿ ಒಂದು ದಿನ ಎದ್ದು ತಾರಸಿಗೆ ಹೋದಳು. ಮೊದಲು ನಡೆದಳು. ಆಮೇಲೆ, ನನಗೆ ಹೇಳದೆ, ಓಡಿದಳು.

ನಾನು ನಕ್ಕೆ. ಬೇರೇನು ಮಾಡಲಿ? ನಮ್ಮ ಕಟ್ಟಡದ ತಾರಸಿಯೆಂದರೆ ನೀರಿನ ಟ್ಯಾಂಕಿ, ಬಟ್ಟೆ ಒಣಗಿಸುವ ಹಗ್ಗ, ಉಳಿದ ಜಾಗದಲ್ಲಿ ಯಾರದೋ ಮನೆಯ ಹಪ್ಪಳ. ಇವುಗಳ ನಡುವೆ ಬೆಳಗಿಡೀ ಸುತ್ತು ಹಾಕಿ ಕೆಳಗಿಳಿದು ಬಂದು ಫೋನು ನೋಡಿದರೆ, ಅದು ಅವಳು ಪಕ್ಕದ ಆಸ್ಪತ್ರೆಯ ವಾರ್ಡಿನೊಳಗೆಲ್ಲ ಅಡ್ಡಾಡಿ ಬಂದಳೆಂದು ನಕ್ಷೆ ಬಿಡಿಸಿತ್ತು. ಅಷ್ಟು ಕಷ್ಟಪಟ್ಟು ಬಿಡಿಸಿಕೊಂಡು ಬಂದವಳನ್ನು ಫೋನು ಮತ್ತೆ ಅಡ್ಮಿಟ್ ಮಾಡಿತ್ತು. ಈ ಯಂತ್ರದ ಸರ್ಟಿಫಿಕೇಟಿಗಾಗಿ ಜಗತ್ತು ಓಡುತ್ತಿದೆ ಎಂದು ನಾನು ಅಂಗಡಿಯಲ್ಲಿ ಬಂದವರಿಗೆಲ್ಲ ಹೇಳಿದೆ.

ನಿರ್ಬಂಧಗಳು ಸಡಿಲವಾದವು. ಪಣಂಬೂರಿನ ಕಡಲತೀರದಲ್ಲಿ ನಿಜವಾದ ಓಟವಿದೆ ಎಂದು ಸುದ್ದಿ ಬಂತು, ಶಶಿ ಹೆಸರು ಕೊಟ್ಟಳು. ನಿಯಮಗಳನ್ನು ಓದಿ ನಾನು ಎರಡು ದಿನ ನಕ್ಕೆ. ಹಣೆಗೆ ಬಂದೂಕು ಹಿಡಿದು ಜ್ವರ ನೋಡುತ್ತಾರೆ. ಸುಣ್ಣದ ವೃತ್ತದೊಳಗೆ ಒಬ್ಬೊಬ್ಬರೇ ನಿಲ್ಲಬೇಕು. ಹೊರಡುವವರೆಗೆ ಮಾಸ್ಕು ಹಾಕಬೇಕು, ಏದುಸಿರು ಬಿಡುವಾಗ ತೆಗೆಯಬಹುದು. ದಾರಿಯಲ್ಲಿ ನೀರು ಕೊಡುವುದಿಲ್ಲ, ಅವರವರ ನೀರು ಅವರವರದೇ. ಕೊನೆಯದೊಂದು ನಿಯಮಕ್ಕೆ ಮಾತ್ರ ನಗು ಬರಲಿಲ್ಲ. ಬಂದರಿನ ಲಾರಿಗಳಿಗೆ ರಸ್ತೆ ಬಿಟ್ಟುಕೊಡಬೇಕಾದ್ದರಿಂದ ಓಟಗಾರರ ಹಿಂದೆ ಒಂದು ವ್ಯಾನು ನಿಧಾನವಾಗಿ ಬರುತ್ತದೆ. ವ್ಯಾನು ಯಾರನ್ನು ಮುಟ್ಟುತ್ತದೋ ಅವರು ಹತ್ತಿ ಕೂರಬೇಕು, ಅವರ ಓಟ ಅಲ್ಲಿಗೆ ಮುಗಿಯಿತು.

ಚಿಕ್ಕಮ್ಮ ಫೋನಿನಲ್ಲಿ ಗದರಿದರು. ಶಶಿ ಅವರಿಗೆ ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತೇನೆ, ತುಳುವಿನಲ್ಲಿ ಇನ್ನೂ ಖಾರವಾಗಿತ್ತು.

‘ವ್ಯಾನಿನಲ್ಲಿ ಕೂತ್ಕೊಂಡು ಬಂದ್ರೆ ಮತ್ತೆ ನಾನು ಓಡುದಿಲ್ಲ ಚಿಕ್ಕಮ್ಮ, ಸತ್ಯವಾಗಿ. ಆದ್ರೆ ನನ್ನ ಕಾಲಿನಲ್ಲೇ ಬಂದು ಮುಟ್ಟಿದ್ರೆ, ನೀವಾಗ್ಲಿ ಇವರಾಗ್ಲಿ ಇನ್ನೊಮ್ಮೆ ನನಗೆ ಕೂತ್ಕೊ ಅಂತ ಹೇಳ್ಬಾರ್ದು.’

ಚಿಕ್ಕಮ್ಮ ಒಪ್ಪಿದರು. ನಾನೂ ಒಪ್ಪಿದೆ. ಅವಳು ವ್ಯಾನಿನಲ್ಲಿ ಬರುತ್ತಾಳೆ, ಪೀಡೆ ತೊಲಗುತ್ತದೆ ಎಂದೇ ಲೆಕ್ಕ ಹಾಕಿದ್ದೆ. ಫೋನು ಇಡುವ ಮೊದಲು ಸುಮ್ಮನಿರದೆ, ‘ಓಟ ನಿಮ್ಮ ಮನೆ ಎದುರಿಂದಲೇ ಹೋಗ್ತದೆ ಚಿಕ್ಕಮ್ಮ’ ಎಂದುಬಿಟ್ಟೆ.

ಬೇರೆ ಊರಿನಲ್ಲಿ ಇದು ಒಂದು ಮಾಹಿತಿ. ನಮ್ಮಲ್ಲಿ ಇದು ಬರುತ್ತೇವೆಂದು ಕೊಟ್ಟ ಮಾತು. ನೆಂಟರ ಮನೆಯ ಎದುರಿನಿಂದ ಹೋಗಿ ಒಳಗೆ ಕಾಲಿಡದಿದ್ದರೆ ಅದು ಮುಂದಿನ ಮದುವೆಯ ಊಟದವರೆಗೂ ಮಾತಾಗುತ್ತದೆ. ಬಂದವರು ಕೂರಬೇಕು, ಬೆಲ್ಲದ ತುಂಡು ಬಾಯಿಗೆ ಹಾಕಿಕೊಂಡು ನೀರು ಕುಡಿಯಬೇಕು, ಆಮೇಲೆ ಉಳಿದದ್ದು.

ಓಟದ ದಿನ ಶಶಿಯನ್ನು ಸುಣ್ಣದ ವೃತ್ತದಲ್ಲಿ ಬಿಟ್ಟು ನಾನು ನಡೆದುಕೊಂಡು ಚಿಕ್ಕಮ್ಮನ ಮನೆಗೆ ಹೋದೆ. ಗೇಟಿನ ಹೊರಗೆ, ರಸ್ತೆಯ ಅಂಚಿಗೆ, ಒಂದು ಕೆಂಪು ಪ್ಲಾಸ್ಟಿಕ್ ಕುರ್ಚಿ. ಪಕ್ಕದ ಸ್ಟೂಲಿನ ಮೇಲೆ ತಂಬಿಗೆ, ತಟ್ಟೆಯಲ್ಲಿ ಬೆಲ್ಲ, ಪಾತ್ರೆಯಲ್ಲಿ ಕರಿಮೆಣಸಿನ ಕಷಾಯ. ಒಳಗಿನಿಂದ ನೀರುದೋಸೆ, ಕೋಳಿಸಾರಿನ ಪರಿಮಳ. ಮಾಸ್ಕನ್ನು ಗಲ್ಲಕ್ಕಿಳಿಸಿಕೊಂಡು ಚಿಕ್ಕಮ್ಮ ಸಿದ್ಧರಾಗಿ ನಿಂತಿದ್ದರು.

ಮೊದಲು ಹೋದವರು ನಿಜವಾದ ಓಟಗಾರರು. ಅವರನ್ನು ನೋಡಿ ನಗಲು ಪುರಸೊತ್ತೇ ಸಿಗಲಿಲ್ಲ. ಆಮೇಲೆ ಬಂತು ನನ್ನ ಹಬ್ಬ. ತೋಳಿಗೆ ಫೋನು, ಸೊಂಟಕ್ಕೆ ಬಾಟಲಿಗಳ ಪಟ್ಟಿ, ಹಣೆಗೆ ಪಟ್ಟಿ, ಮೊಣಕಾಲಿಗೆ ನೀಲಿ ಪಟ್ಟಿ. ಆಸ್ಪತ್ರೆಯ ಡ್ರೆಸ್ಸಿಂಗ್ ಕೋಣೆಯಿಂದ ಎದ್ದು ಬಂದವರ ಮೆರವಣಿಗೆ. ಫೋಟೋಗ್ರಾಫರ್ ಕಂಡ ಕೂಡಲೇ ಕುಂಟುತ್ತಿದ್ದವರೂ ಜಿಂಕೆಗಳಾಗುತ್ತಿದ್ದರು, ಅವನನ್ನು ದಾಟಿದ ಮೇಲೆ ಪುನಃ ಕುಂಟುತ್ತಿದ್ದರು. ಒಬ್ಬರು ಓಡುತ್ತಲೇ ತಮ್ಮ ವಿಡಿಯೋ ತಾವೇ ಮಾಡಿಕೊಳ್ಳುತ್ತ, ಮನಸ್ಸು ಮಾಡಿದರೆ ಏನೂ ಸಾಧ್ಯ ಎಂದು ಜಗತ್ತಿಗೆ ಸಾರುತ್ತ ಬಂದು ಚಿಕ್ಕಮ್ಮನ ಸ್ಟೂಲಿಗೆ ಡಿಕ್ಕಿ ಹೊಡೆಯುವುದು ಸ್ವಲ್ಪದರಲ್ಲಿ ತಪ್ಪಿತು.

ಬಹಳ ಹೊತ್ತಿನ ಮೇಲೆ ಶಶಿ ಬಂದಳು. ಅವಳ ಹಿಂದೆ ಇದ್ದದ್ದು ಇಬ್ಬರೋ ಮೂವರೋ, ಅವರ ಹಿಂದೆ ದೂರದಲ್ಲಿ ವ್ಯಾನು.

‘ಬಾ ಮಗಾ, ಕೂತ್ಕೊ!’ ಚಿಕ್ಕಮ್ಮ ಬೆಲ್ಲದ ತಟ್ಟೆ ಹಿಡಿದು ರಸ್ತೆಗಿಳಿದರು.

‘ವಾಪಸ್ ಬರುವಾಗ, ಚಿಕ್ಕಮ್ಮ!’ ಎಂದು ಕೂಗಿ ಶಶಿ ಬದಿಯಿಂದ ನುಸುಳಿದಳು. ಅದೇ ರಸ್ತೆಯಲ್ಲಿ ಮರಳಿ ಬರಲಿಕ್ಕಿದ್ದುದರಿಂದ ಚಿಕ್ಕಮ್ಮನೂ ಒಪ್ಪಿದರು, ಕಷಾಯ ಬಿಸಿ ಮಾಡಲು ಒಳಗೆ ಹೋದರು.

ವಾಪಸ್ ಬರುವಾಗ ಅವಳನ್ನು ನೋಡಿ ನನ್ನ ನಗು ಬತ್ತಿತು. ಮುಖ ಕೆಂಪಾಗಿತ್ತು, ಬಾಯಿ ತೆರೆದಿತ್ತು, ಹಿಂದಿದ್ದವರೂ ಅವಳನ್ನು ದಾಟಿ ಹೋಗಿದ್ದರು, ವ್ಯಾನು ಬೆನ್ನಿಗೇ ಇತ್ತು. ಡ್ರೈವರು ಕಿಟಕಿಯಿಂದ ತಲೆ ಹೊರಗೆ ಹಾಕಿ ಬಹಳ ಪ್ರೀತಿಯಿಂದ ಕರೆಯುತ್ತಿದ್ದ: ‘ಸಾಕು ಮೇಡಂ, ಬಂದು ಕೂತ್ಕೊಳ್ಳಿ. ಎಸಿ ಉಂಟು.’

‘ಕೂತ್ಕೊ ಮಗಾ’ ಎಂದರು ಚಿಕ್ಕಮ್ಮ, ಕುರ್ಚಿಯನ್ನು ಮುಂದಕ್ಕೆ ತಳ್ಳಿ.

ಶಶಿ ಕುರ್ಚಿಯ ಎದುರು ನಿಂತಲ್ಲೇ ಕಾಲು ಆಡಿಸುತ್ತಿದ್ದಳು. ಮಾತು ಕೊಟ್ಟಾಗಿತ್ತು, ಕೂರದೆ ಹೋಗುವಂತಿಲ್ಲ. ಕೂತರೆ ಓಟ ಹೋಯಿತು. ಅವಳು ನನ್ನ ಮುಖ ನೋಡಿದಳು. ನನ್ನ ಬಾಯಲ್ಲೂ ಅದೇ ಮಾತು ತಯಾರಿತ್ತು, ಅಷ್ಟು ದಿನದ ಅಭ್ಯಾಸ. ಆದರೆ ಅವಳ ಕಣ್ಣು ನೋಡಿದ ಮೇಲೆ ಅದು ಹೊರಗೆ ಬರಲಿಲ್ಲ. ಬೇರೇನೂ ತೋಚದೆ ಆ ಕೆಂಪು ಕುರ್ಚಿಯಲ್ಲಿ ನಾನೇ ಕೂತುಬಿಟ್ಟೆ.

‘ಅವಳ ಲೆಕ್ಕದಲ್ಲಿ ನಾನು ಕೂತಿದ್ದೇನೆ ಚಿಕ್ಕಮ್ಮ. ಬೆಲ್ಲ ಕೊಡಿ’ ಎಂದೆ.

ಗಂಡ ಕೂತು ನೀರು ಕುಡಿದರೆ ಹೆಂಡತಿಯೂ ಬಂದ ಹಾಗೆಯೇ. ಚಿಕ್ಕಮ್ಮನಿಗೆ ಎದುರಾಡಲು ಜಾಗವಿರಲಿಲ್ಲ. ಶಶಿ ತಟ್ಟೆಯಿಂದ ಒಂದು ತುಂಡು ಬೆಲ್ಲ ಬಾಯಿಗೆ ಹಾಕಿಕೊಂಡು ಓಡಿದಳು. ಅಷ್ಟರಲ್ಲಿ ವ್ಯಾನು ಗೇಟಿಗೆ ಮುಟ್ಟಿತು. ಚಿಕ್ಕಮ್ಮ ಅದರ ಎದುರು ಹೋಗಿ ನಿಂತರು.

‘ನೀನೂ ಬಾ ಮಗಾ. ಬೆಳಗ್ಗೆಯಿಂದ ಹಸಿವೆಯಲ್ಲಿ ಇದ್ದೀ ಅಲ್ವಾ? ನಿನ್ನದು ಯಾವ ಊರು?’

‘ಪಡೀಲ್, ಅಮ್ಮ. ಆದ್ರೆ ನಾನು ನಿಲ್ಲಿಸ್ಲಿಕ್ಕೆ ಇಲ್ಲ...’

‘ಪಡೀಲಾ? ಪಡೀಲಿನಲ್ಲಿ ಎಲ್ಲಿ?’

ಈ ಪ್ರಶ್ನೆಯಿಂದ ತಪ್ಪಿಸಿಕೊಂಡು ಹೋದವರನ್ನು ನಾನು ಈ ಜಿಲ್ಲೆಯಲ್ಲಿ ಕಂಡಿಲ್ಲ. ಎಲ್ಲಿ ಎಂಬುದಾದ ಮೇಲೆ ಯಾರ ಮನೆ, ತಾಯಿಯ ಮನೆ ಎಲ್ಲಿ, ಅಕ್ಕನನ್ನು ಎಲ್ಲಿಗೆ ಕೊಟ್ಟದ್ದು ಎಂಬಲ್ಲಿಗೆ ಬಂದಾಗ ಡ್ರೈವರನ ಕೈಯಲ್ಲಿ ತಟ್ಟೆಯಿತ್ತು, ತಟ್ಟೆಯಲ್ಲಿ ನೀರುದೋಸೆ. ಅವನ ಫೋನು ಕಿರುಚಿತು. ವ್ಯಾನು ಎಲ್ಲಿ ಎಂದು ಕೇಳಿದರಿರಬೇಕು. ‘ಬರ್ತಾ ಉಂಟು ಸರ್, ಸ್ವಲ್ಪ ಟ್ರಾಫಿಕ್’ ಎಂದ, ಒಂದು ಸೈಕಲ್ಲೂ ಇಲ್ಲದ ರಸ್ತೆ ನೋಡುತ್ತ. ಚಿಕ್ಕಮ್ಮನಿಗೆ ವ್ಯಾನಿನ ನಿಯಮ ಎಷ್ಟು ಗೊತ್ತಿತ್ತೋ ನಾನು ಕೇಳಲಿಲ್ಲ. ಇನ್ನೊಂದು ದೋಸೆ ಬಡಿಸುವಾಗ ಅವರು ತಿರುವಿನ ಕಡೆ ಒಮ್ಮೆ ನೋಡಿದ್ದು ಮಾತ್ರ ನನಗೆ ಕಂಡಿತು. ಶಶಿ ಆಗಲೇ ಮರೆಯಾಗಿದ್ದಳು.

ಮುಟ್ಟುವ ಗೆರೆಯವರೆಗೆ ನಡೆದರೆ ತಡವಾಗುತ್ತದೆಂದು ಡ್ರೈವರು ನನ್ನನ್ನೂ ಹತ್ತಿಸಿಕೊಂಡ. ಹೀಗಾಗಿ ಓಡುವವರನ್ನೆಲ್ಲ ಇಷ್ಟು ವರ್ಷ ಆಡಿಕೊಂಡ ನಾನು, ಆ ದಿನ ಓಡಲಾಗದವರನ್ನು ತರುವ ವ್ಯಾನಿನಲ್ಲಿ, ಏಕೈಕ ಪ್ರಯಾಣಿಕನಾಗಿ, ಬಾಯಲ್ಲಿ ಕೋಳಿಸಾರಿನ ರುಚಿ ಇಟ್ಟುಕೊಂಡು ಕಡಲತೀರಕ್ಕೆ ಬಂದಿಳಿದೆ. ಅಲ್ಲಿದ್ದವರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಕಿತ್ತಳೆ ಟೀ ಶರ್ಟಿನ ಒಬ್ಬಾಕೆ ಓಡಿಬಂದು ಕೈಗೆ ಬಾಳೆಹಣ್ಣು ಕೊಟ್ಟು, ‘ಬೇಜಾರು ಮಾಡ್ಬೇಡಿ ಅಂಕಲ್. ಮುಂದಿನ ಸಲ ಆಗ್ತದೆ’ ಎಂದಳು. ನಾನು ಓಡಿದವನೇ ಅಲ್ಲ ಎಂದೆ. ಅವಳು ಇನ್ನಷ್ಟು ಕನಿಕರದಿಂದ ತಲೆಯಾಡಿಸಿದಳು.

ಶಶಿ ಮರಳಿನ ಅಂಚಿನಲ್ಲಿ ನಿಂತಿದ್ದಳು. ಕೊರಳಲ್ಲಿ ಪದಕವಿತ್ತು, ಸೋಡಾಪುಡಿಯಲ್ಲಿ ತೊಳೆಯದ ಪದಕ. ಅದರ ಬಗ್ಗೆ ಹೇಳಲು ನನ್ನಲ್ಲಿ ಬೇಕಾದಷ್ಟಿತ್ತು, ಆದರೆ ನಾನು ಹತ್ತಿರ ಹೋಗಿ ಮೊದಲು ಕಿವಿಗೊಟ್ಟದ್ದು ಅವಳ ಉಸಿರಿಗೆ. ಅದು ಜೋರಾಗಿ ಬರುತ್ತಿತ್ತು, ನೋಡುತ್ತ ನಿಂತ ಹಾಗೆ ತಾನಾಗಿಯೇ ಇಳಿದು ಸಮವಾಯಿತು. ನನ್ನದು ಮಾತ್ರ ವ್ಯಾನಿನಿಂದ ಅಲ್ಲಿಯವರೆಗೆ ಮರಳಿನಲ್ಲಿ ನಡೆದದ್ದಕ್ಕೇ ಏರಿಕೊಂಡಿತ್ತು.

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು, ಬಾಳೆಹಣ್ಣನ್ನೂ ನೋಡಿದಳು. ಆಮೇಲೆ ಪಕ್ಕದಲ್ಲಿದ್ದ ಖಾಲಿ ಕುರ್ಚಿಯೊಂದನ್ನು ಎಳೆದು ನನ್ನ ಹಿಂದೆ ಇಟ್ಟಳು.

‘ಕೂತ್ಕೊಳ್ಳಿ’ ಎಂದಳು.