ಅಟ್ಟದ ಮೇಲಿನ ಸತ್ತ ಕಂಪ್ಯೂಟರುಗಳು

ಸಣ್ಣಬಸಪ್ಪ ತನ್ನಲ್ಲಿ ಜೀನ್ಸ್ ಹೊಲಿಯುವ ಹೆಂಗಸರಿಗೆ ಎರಡು ವಾರದ ಕೂಲಿ ಇನ್ನೂ ಬಾಕಿ ಇಟ್ಟಿದ್ದಾನೆ, ಆದರೆ ಅಟ್ಟದ ಮೇಲೆ ಸತ್ತು ಬಿದ್ದಿರುವ ಕಂಪ್ಯೂಟರುಗಳಿಗೆ ಆಯುಧಪೂಜೆಯ ದಿನ ವಿಭೂತಿ ಹಚ್ಚುವುದನ್ನು ಒಂದು ವರ್ಷವೂ ತಪ್ಪಿಸಿದವನಲ್ಲ. ರಾಯದುರ್ಗದಲ್ಲಿ ಇಂಥ ಸಾಹುಕಾರರು ಓಣಿಗೊಬ್ಬರು ಸಿಗುತ್ತಾರೆ. ಕೆಟ್ಟ ಮಾನಿಟರು, ಉಸಿರು ನಿಂತ ಯುಪಿಎಸ್ಸು, ಕೊನೆಗೆ ಹೆಂಡತಿಯ ತವರಿನವರ ಹಳೆ ಫೋನುಗಳೂ ಅವನ ಅಟ್ಟ ಸೇರುತ್ತವೆ. "ಗುಜರಿಗೆ ಹಾಕಪ್ಪಾ" ಎಂದರೆ, "ಅನ್ನ ಕೊಟ್ಟಾವ್ರಿ, ಹೆಂಗ ಹೊರಗ ಹಾಕ್ಲಿ?" ಎಂದು ಅಟ್ಟದ ಕಡೆ ಕೈ ಮುಗಿಯುತ್ತಾನೆ. ಜಿಪುಣ ಎಂದೇ ನಾನು ನಗುತ್ತಿದ್ದೆ. ಈ ಬೇಸಿಗೆಯಲ್ಲಿ ಅಟ್ಟದ ಕೆಳಗೆ ಕೂತು ಹೊಲಿಯುವ ಹೇಮಾ ಜಗಳ ತೆಗೆದಳು: "ಸಾವ್ಕಾರ್ರ, ಮ್ಯಾಲಿನ ಬ್ಯಾಟ್ರಿ ಉಬ್ಬಿ ಹೊಟ್ಟಿ ಬಿಟ್ಟಾವ. ಹೊತ್ತಿಕೊಂಡ್ರ ಮೊದ್ಲು ಸುಡೋದು ನನ್ನ ತಲಿ, ನಿಮ್ಮ ವಿಭೂತಿ ಅಲ್ಲ." ಸಣ್ಣಬಸಪ್ಪ ಹೆಂಗಸರ ಮಿಷನ್ನುಗಳನ್ನೆಲ್ಲ ಬೀದಿ ಕಡೆಯ ಕೋಣೆಗೆ ಸರಿಸಿ, ಅಟ್ಟದ ಕೆಳಗೆ ತನ್ನ ಕುರ್ಚಿ ಹಾಕಿಕೊಂಡ. ಈಗಲೂ ಅಲ್ಲೇ ಕೂರುತ್ತಾನೆ. ಇನ್ನೂ ಯಾಕೆ ಇಟ್ಟುಕೊಂಡಿದ್ದೀಯ ಎಂದು ಬೈಯಲು ಹೋದ ನನ್ನನ್ನೇ ಕೇಳಿದ: "ಹಿಂದೊಮ್ಮೆ ಗುಜರಿಯವರಿಗೆ ಕೊಟ್ಟಿದ್ದೆ ರೀ. ತಾಮ್ರ ಬೇಕಂತ ವೈರು ಸುಟ್ರು. ಆ ಹೊಗಿ ಹೋಗಿದ್ದು ಹೇಮಾನ ಓಣಿಗೆ. ಮತ್ಯಾರಿಗೆ ಕೊಡ್ಲಿ, ನೀವ ಹೇಳ್ರಿ." ಅದಕ್ಕೇ, ಇಂಥ ಕೆಟ್ಟ ಯಂತ್ರಗಳನ್ನು ಸಂಗ್ರಹಿಸಿ, ಸುಡದೆ ಬಿಚ್ಚುವವರಿಗೆ ಮುಟ್ಟಿಸುವ ಒಂದು ಜಾಗ ಊರಿಗೆ ಬೇಕೆಂದು ಸೋಮವಾರ ನಾವು ಕೆಲವರು ಮುನ್ಸಿಪಾಲಿಟಿ ಮುಂದೆ ಧರಣಿ ಕೂರುತ್ತಿದ್ದೇವೆ. ನಿಮ್ಮ ಬೀರುವಿನಲ್ಲಿ ಬಿದ್ದಿರುವ ಕೆಟ್ಟ ಫೋನು ಹಿಡಿದುಕೊಂಡು ನೀವೂ ಬಂದು ಕೂರಿ.